"ಅಲ್ಲೇ ಕೊಯ್ದು ಬಿಡ್ತಾರೇನು?": ಚಿಗವ್ವನ ಒಂದು ಪ್ರಶ್ನೆ, ಅದರ ಹಿಂದಿನ ಇನ್ನೂರು ವರ್ಷ

ಸೋಮವಾರ ರಾತ್ರಿ ಒಂಬತ್ತರ ಸುಮಾರಿಗೆ ಚಿಗವ್ವ ಫೋನ್ ಮಾಡಿದಳು. ಕಡಲೆ ಖರೀದಿ ಕೇಂದ್ರದ ಸುದ್ದಿ ಕಳಿಸಿ ನಾನು ಆಗಷ್ಟೇ ಊಟಕ್ಕೆ ಕೂತಿದ್ದೆ. ಜಳಕ ಮಾಡುವಾಗ ಎಡಗಡೆ ಎದೆಯಲ್ಲಿ ಗಂಟು ಕೈಗೆ ಹತ್ತಿ ಹದಿನೈದು ದಿನ ಆಗಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಕೊನೆಗೆ ಆಶಾ ಕಾರ್ಯಕರ್ತೆಯ ಮುಂದೆ ಬಾಯಿ ಬಿಟ್ಟಿದ್ದಾಳೆ. ಆಕೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಳೆ. ಅಲ್ಲಿಯ ಡಾಕ್ಟರು ಕೈಯಿಂದ ಮುಟ್ಟಿ ನೋಡಿ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಗುರುವಾರ ಹೋಗಬೇಕು.

"ನೀ ಜೋಡಿ ಬಾ," ಅಂದಳು. ಬರ್ತೀನಿ ಅಂದೆ. ಫೋನ್ ಇಡುವ ಮೊದಲು ದನಿ ಇಳಿಸಿ ಕೇಳಿದಳು: "ಅಲ್ಲವಾ, ಅಲ್ಲೇ ಮಲಗಿಸಿ ಕೊಯ್ದು ಬಿಡ್ತಾರೇನು? ಎಚ್ಚರಾಗಿ ನೋಡಿದ್ರ ಇರೂದಿಲ್ಲೇನು?"

"ಹಂಗೇನಿಲ್ಲ ಚಿಗವ್ವ" ಅಂದೆ. ಆದರೆ ಊಟ ಸೇರಲಿಲ್ಲ. ಈ ಭಯ ಆಕೆಗೆ ಎಲ್ಲಿಂದ ಬಂತು? ಮರುದಿನ ಕೇಳಿದೆ. ಆಕೆ ಸಣ್ಣಾಕಿ ಇದ್ದಾಗ ಓಣಿಯ ಒಬ್ಬ ಅಜ್ಜಿ ಎದೆಯ ಗಂಟು ತೋರಿಸಲು ಮಿರಜಿಗೆ ಹೋಗಿದ್ದರಂತೆ. ಬರುವಾಗ ಒಂದು ಕಡೆ ಎದೆ ಇರಲಿಲ್ಲ. ಆ ಕಡೆಯ ಕೈ ಬಾತು ಒನಕೆಯಂತಾಗಿತ್ತು. ಮುಂದೆ ಅವರು ಆ ಕೈಯಿಂದ ಕೊಡ ಎತ್ತಲಿಲ್ಲ. "ತೋರಿಸಾಕ ಹೋದಾಕಿ ಬಿಟ್ಟು ಬಂದ್ಲು" ಅಂತ ಓಣಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅದು ಚಿಗವ್ವನ ತಲೆಯಲ್ಲಿ ನಲವತ್ತು ವರ್ಷದಿಂದ ಕೂತಿದೆ.

ಪತ್ರಿಕೆಗೆ ಬರೆಯುವಾಗ ನಾವು 'ಸ್ತನ' ಎಂದು ಬರೆಯುತ್ತೇವೆ. ಮನೆಯಲ್ಲಿ ಆ ಪದ ಯಾರ ಬಾಯಲ್ಲೂ ಬರುವುದಿಲ್ಲ. 'ಎದ್ಯಾಗ ಗಂಟು' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಎರಡು ರಾತ್ರಿ ಕೂತು ಇದರ ಹಿಂದಿನ ಕಥೆ ಓದಿದೆ. ಓದಿದ ಮೇಲೆ ಚಿಗವ್ವನ ಭಯವನ್ನು ಮೂಢನಂಬಿಕೆ ಅನ್ನಲು ನನಗೆ ಆಗಲಿಲ್ಲ. ಆಕೆ ಹೆದರಿದ್ದು ಯಾವುದಕ್ಕೋ, ಅದು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಿಯಮವೇ ಆಗಿತ್ತು. ಆ ನಿಯಮವನ್ನು ಅಲ್ಲಾಡಿಸಿದವರಲ್ಲಿ ಒಬ್ಬರು ನಮ್ಮ ಹಾಗೆ ಪತ್ರಿಕೆಗೆ ಬರೆದು ಬದುಕುತ್ತಿದ್ದ ಹೆಣ್ಣುಮಗಳು.

ಎಚ್ಚರವಿದ್ದಾಗಲೇ ಕತ್ತಿ

ಫ್ಯಾನಿ ಬರ್ನಿ ಇಂಗ್ಲೆಂಡಿನ ಹೆಸರಾಂತ ಕಾದಂಬರಿಗಾರ್ತಿ. ಫ್ರಾನ್ಸಿನ ಸೇನಾಧಿಕಾರಿಯನ್ನು ಮದುವೆಯಾಗಿ ಪ್ಯಾರಿಸ್‌ನಲ್ಲಿದ್ದರು. 1810ರಲ್ಲಿ ಬಲ ಎದೆಯಲ್ಲಿ ನೋವು ಶುರುವಾಯಿತು, ಗಂಟು ದಪ್ಪವಾಗುತ್ತ ಹೋಯಿತು. 1811ರ ಸೆಪ್ಟೆಂಬರ್ 30ರಂದು ಅವರ ಮನೆಗೇ ಏಳು ಜನ ಕಪ್ಪು ಬಟ್ಟೆಯ ಗಂಡಸರು ಬಂದರು. ಮುಖ್ಯಸ್ಥರು ಡೊಮಿನಿಕ್ ಲಾರ್ರೆ, ನೆಪೋಲಿಯನ್ ಸೈನ್ಯದ ಸರ್ಜನ್. ಡಾಕ್ಟರುಗಳು ಬರುತ್ತಾರೆ ಎಂದು ಬರ್ನಿಗೆ ತಿಳಿದದ್ದು ಎರಡು ತಾಸು ಮೊದಲು. ಗಂಡನಿಗೆ ನೋಡಲಾಗದು ಎಂದು ಅವರೇ ಉಪಾಯದಿಂದ ಅವನನ್ನು ಮನೆಯಿಂದ ಹೊರಗೆ ಕಳಿಸಿದರು.

ಮತ್ತು ಬರಿಸುವ ಔಷಧಿ ಆಗ ಯುರೋಪಿನಲ್ಲಿ ಇರಲಿಲ್ಲ. ಒಂದು ಲೋಟ ವೈನ್ ಬೆರೆಸಿದ ಪಾನಕ, ಮುಖದ ಮೇಲೆ ತೆಳ್ಳನೆಯ ಕರವಸ್ತ್ರ, ಅಷ್ಟೇ. ಕರವಸ್ತ್ರದ ಎಳೆಗಳ ನಡುವೆ ಕತ್ತಿಯ ಹೊಳಪು ಅವರಿಗೆ ಕಾಣುತ್ತಿತ್ತು. ಸುಮಾರು ಇಪ್ಪತ್ತು ನಿಮಿಷ ನಡೆಯಿತು. ತಿಂಗಳುಗಟ್ಟಲೆ ಆದಮೇಲೆ ಅಕ್ಕ ಎಸ್ತರ್‌ಗೆ ಪತ್ರ ಬರೆದು ಎಲ್ಲವನ್ನೂ ಹೇಳಿದರು. ಬರೆದದ್ದನ್ನು ತಿರುಗಿ ಓದುವ ಧೈರ್ಯ ಅವರಿಗೇ ಇರಲಿಲ್ಲ. ಆ ಪತ್ರ ಇವತ್ತಿಗೂ ಇದೆ. ರೋಗಿಯೇ ಬರೆದಿಟ್ಟ ಇಂಥ ಹಳೆಯ ದಾಖಲೆ ಬಹಳ ಅಪರೂಪ.

ಬರ್ನಿ ಮುಂದೆ 28 ವರ್ಷ ಬದುಕಿ 1840ರಲ್ಲಿ ತೀರಿಕೊಂಡರು. ಹಾಗಾದರೆ ಅದು ನಿಜವಾಗಿ ಕ್ಯಾನ್ಸರ್ ಆಗಿತ್ತೇ? ಇವತ್ತು ಯಾರೂ ಖಚಿತವಾಗಿ ಹೇಳಲಾರರು. ಗಂಟನ್ನು ಕೊಯ್ಯುವ ಮೊದಲು ಅದು ಏನೆಂದು ತಿಳಿಯುವ ದಾರಿ ಆ ಕಾಲದಲ್ಲಿ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಇದಕ್ಕೆ ಏಳು ವರ್ಷ ಮೊದಲೇ, 1804ರಲ್ಲಿ, ಜಪಾನಿನ ಹಳ್ಳಿಯೊಂದರ ವೈದ್ಯ ಹನಾಓಕಾ ಸೇಶೂ ಅರವತ್ತು ವರ್ಷದ ಹೆಂಗಸಿಗೆ ಮತ್ತು ಬರಿಸಿ ಎದೆಯ ಗಂಟು ತೆಗೆದಿದ್ದರು. ಮತ್ತಿನ ಔಷಧಿಯ ಮುಖ್ಯ ವಸ್ತು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಉಮ್ಮತ್ತಿಯ ಜಾತಿಯದೇ, ಅಂದರೆ ದತ್ತೂರಿ. (ಯಾರೂ ಪ್ರಯೋಗ ಮಾಡಲು ಹೋಗಬೇಡಿ, ಅದು ವಿಷ. ಪ್ರಯೋಗಕ್ಕೆ ಒಪ್ಪಿದ ಹನಾಓಕಾ ಅವರ ಹೆಂಡತಿಯೇ ಕಣ್ಣು ಕಳೆದುಕೊಂಡರು ಎಂದು ಹೇಳುತ್ತಾರೆ.) ಆದರೆ ಜಪಾನ್ ಆಗ ಹೊರದೇಶಗಳಿಗೆ ಬಾಗಿಲು ಹಾಕಿತ್ತು. ಸುದ್ದಿ ಪ್ಯಾರಿಸ್ ಮುಟ್ಟಲಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ 1846ರಲ್ಲಿ ಈಥರ್ ಬಳಸಿ ತೋರಿಸಿದ ಮೇಲೆಯೇ ಉಳಿದ ಲೋಕಕ್ಕೆ ನೋವಿಲ್ಲದ ಆಪರೇಷನ್ ಬಂದದ್ದು.

ಕರಿಕೆಯ ಬೇರಿನ ಲೆಕ್ಕ

ನೋವು ಹೋಯಿತು. ಆದರೆ ಕೊಯ್ಯುವುದು ಹೆಚ್ಚಾಯಿತು.

ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಬಹಳ ದೊಡ್ಡ ಸರ್ಜನ್. ಅವರ ವಿಚಾರ ರೈತರಿಗೆ ಬೇಗ ಅರ್ಥವಾಗುತ್ತದೆ. ಹೊಲದಲ್ಲಿ ಕರಿಕೆ ಕೀಳುವಾಗ ಒಂದು ಎಳೆ ಬೇರು ಬಿಟ್ಟರೂ ಮತ್ತೆ ಚಿಗುರುತ್ತದಲ್ಲ, ಕ್ಯಾನ್ಸರ್ ಕೂಡ ಹಾಗೆಯೇ, ಎದೆಯಿಂದ ಕಂಕುಳಿಗೆ, ಕಂಕುಳಿಂದ ಮುಂದಕ್ಕೆ ಬೇರು ಬಿಡುತ್ತ ಹೋಗುತ್ತದೆ ಎಂದು ಅವರು ನಂಬಿದ್ದರು. ಅದಕ್ಕೆ ಎದೆ, ಅದರ ಕೆಳಗಿನ ಸ್ನಾಯು, ಕಂಕುಳದ ಗಂಟುಗಳು, ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುತ್ತಿದ್ದರು. ಆ ಆಪರೇಷನ್ನಿನ ಹೆಸರೇ 'ರ್‍ಯಾಡಿಕಲ್'. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಕ್ಕೆ ಬೇರು ಎಂದೇ ಅರ್ಥ. 1894ರಲ್ಲಿ ಅವರು 50 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಇದು ಎಲ್ಲೆಡೆ ಹರಡಿತು. ಚಿಗವ್ವ ಹೇಳಿದ ಓಣಿಯ ಅಜ್ಜಿಯ ಬಾತ ಕೈ ಇದೆಯಲ್ಲ, ಇಂಥ ಆಪರೇಷನ್ ಆದವರಲ್ಲಿ ಅದು ಸಾಮಾನ್ಯವಾಗಿತ್ತು.

ಹಾಲ್‌ಸ್ಟೆಡ್ ಅವರನ್ನು ಖಳನಾಯಕ ಮಾಡುವುದು ಸರಿಯಲ್ಲ. ಅವರ ಕಾಲದಲ್ಲಿ ಹೆಂಗಸರು ಬರುತ್ತಿದ್ದದ್ದೇ ಗಂಟು ದೊಡ್ಡದಾಗಿ ಚರ್ಮಕ್ಕೆ ಬಂದ ಮೇಲೆ. ಏನೂ ಮಾಡದಿದ್ದರೆ ಸಾವು ಖಚಿತ ಎಂಬ ಕಡೆ ಅವರು ಏನಾದರೂ ಮಾಡಿದರು. ತೊಡಕು ಬಂದದ್ದು ಆಮೇಲೆ. ಸಣ್ಣ ಗಂಟಿಗೂ ಅದೇ ಆಪರೇಷನ್ ನಡೆಯಿತು, ಯಾರೂ ಪ್ರಶ್ನೆ ಕೇಳಲಿಲ್ಲ.

ಅದರ ಜೊತೆ ಇನ್ನೊಂದು ಸೇರಿಕೊಂಡಿತು. 1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿಸ್ ವಿಲ್ಸನ್ ಎಂಬುವರು ಆಪರೇಷನ್ ನಡೆಯುತ್ತಿರುವಾಗಲೇ ತೆಗೆದ ತುಣುಕನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಹೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ತಂದರು. ಕೆಲವೇ ನಿಮಿಷದಲ್ಲಿ ಉತ್ತರ. ಒಳ್ಳೆಯ ವಿದ್ಯೆ, ಇವತ್ತಿಗೂ ಉಪಯೋಗದಲ್ಲಿದೆ. ಆದರೆ ಎದೆಯ ಗಂಟಿನ ವಿಷಯದಲ್ಲಿ ಅದರಿಂದ ಹುಟ್ಟಿದ ಪದ್ಧತಿ ನೋಡಿ. ಹೆಂಗಸಿನಿಂದ ಮೊದಲೇ ಎರಡಕ್ಕೂ ಸಹಿ ಹಾಕಿಸಿಕೊಳ್ಳುವುದು. ಮತ್ತು ಬರಿಸುವುದು. ಗಂಟು ತೆಗೆದು ಪಕ್ಕದ ಕೋಣೆಗೆ ಕಳಿಸುವುದು. ಕ್ಯಾನ್ಸರ್ ಅಲ್ಲ ಎಂದು ಬಂದರೆ ಹೊಲಿಗೆ ಹಾಕಿ ಮುಗಿಸುವುದು. ಹೌದು ಎಂದು ಬಂದರೆ ಆಕೆ ಎಚ್ಚರಾಗುವ ಮೊದಲೇ ಇಡೀ ಎದೆ ತೆಗೆದುಬಿಡುವುದು.

ಎಚ್ಚರಾದ ಹೆಂಗಸು ಮೊದಲು ಮಾಡುತ್ತಿದ್ದ ಕೆಲಸ ಎದೆಯ ಮೇಲೆ ಕೈ ಇಟ್ಟು ನೋಡುವುದು. ಚಿಗವ್ವ ಫೋನಿನಲ್ಲಿ ಕೇಳಿದ್ದು ಇದನ್ನೇ.

ರೋಗಿಗೆ ಹೇಳದ ರೋಗ

ರೇಚೆಲ್ ಕಾರ್ಸನ್ ಹೆಸರನ್ನು ಡಿಡಿಟಿಯ ಕಾರಣಕ್ಕೆ ನೀವು ಕೇಳಿರಬಹುದು. ಹೊಲಕ್ಕೆ ಸುರಿಯುವ ವಿಷ ಹಕ್ಕಿಗಳನ್ನೂ ಮನುಷ್ಯರನ್ನೂ ಹೇಗೆ ಮುಟ್ಟುತ್ತದೆ ಎಂದು 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕ ಬರೆದ ವಿಜ್ಞಾನಿ. 1960ರಲ್ಲಿ ಅವರ ಎದೆ ತೆಗೆಯಲಾಯಿತು. ಅದು ಕ್ಯಾನ್ಸರೇ ಎಂದು ಅವರು ಸರ್ಜನ್‌ರನ್ನು ನೇರವಾಗಿ ಕೇಳಿದರು. ಸರಿಯಾದ ಉತ್ತರ ಸಿಗಲಿಲ್ಲ, ಮುಂದಿನ ಚಿಕಿತ್ಸೆಯನ್ನೂ ಹೇಳಲಿಲ್ಲ. ಆ ವರ್ಷದ ಕೊನೆಗೆ ಬೇರೆ ಡಾಕ್ಟರಿಂದ ನಿಜ ತಿಳಿಯುವಾಗ ರೋಗ ಹರಡಿತ್ತು. 1964ರಲ್ಲಿ, 56ನೇ ವಯಸ್ಸಿಗೆ ತೀರಿಕೊಂಡರು. ಅಷ್ಟು ಓದಿದ ವಿಜ್ಞಾನಿಗೇ ಅವರ ರೋಗವನ್ನು ಹೇಳಿರಲಿಲ್ಲ.

ಇನ್ನು ಪತ್ರಕರ್ತೆಯ ಕಥೆಗೆ ಬರುತ್ತೇನೆ. ರೋಸ್ ಕುಶ್ನರ್ ಅಮೆರಿಕದ ಮೇರಿಲ್ಯಾಂಡ್‌ನವರು. 1974ರ ಜೂನ್‌ನಲ್ಲಿ ಎದೆಯಲ್ಲಿ ಗಂಟು ಸಿಕ್ಕಿತು. ಡಾಕ್ಟರ ಹತ್ತಿರ ಹೋಗುವ ಮೊದಲು ಅವರು ಗ್ರಂಥಾಲಯಕ್ಕೆ ಹೋದರು. ಓದಿಕೊಂಡು ಬಂದು ಒಂದೇ ಮಾತು ಹೇಳಿದರು: ಮೊದಲು ಗಂಟನ್ನಷ್ಟೇ ಪರೀಕ್ಷೆ ಮಾಡಿ, ನನ್ನನ್ನು ಎಬ್ಬಿಸಿ, ಏನು ಬಂತೆಂದು ಹೇಳಿ, ಮುಂದಿನದನ್ನು ನಾನು ಯೋಚಿಸುತ್ತೇನೆ. ಹಲವು ಸರ್ಜನ್‌ಗಳು ಆಗುವುದಿಲ್ಲ ಅಂದರು. ಅವರು ಒಪ್ಪುವವರನ್ನು ಹುಡುಕುತ್ತಲೇ ಹೋದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂತು. ಆಮೇಲೆ ಬೇರೆ ಊರಿನ ಆಸ್ಪತ್ರೆಗೆ ಹೋಗಿ, ಎದೆಗೂಡಿನ ಸ್ನಾಯು ಉಳಿಸುವ ಆಪರೇಷನ್ ಮಾಡಿಸಿಕೊಂಡರು. ಎದೆ ಹೋಯಿತು. ಆದರೆ ತಿಳಿದು, ಒಪ್ಪಿ, ಎಚ್ಚರದಲ್ಲಿ ತೀರ್ಮಾನ ಮಾಡಿ ಹೋಯಿತು.

ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್‌ಗೂ ಗಂಟು ಸಿಕ್ಕಿತು. ಕುಶ್ನರ್ ಶ್ವೇತಭವನಕ್ಕೆ ಫೋನ್ ಮಾಡಿದರು. ಒಂದೇ ಏಟಿಗೆ ಎರಡೂ ಮಾಡಿಸಬೇಡಿ ಎಂದು ಬೆಟ್ಟಿಯವರಿಗೆ ತಿಳಿಸಬೇಕಿತ್ತು. ಆ ಕಡೆಯಿಂದ ಬಂದ ಉತ್ತರ, ಅಧ್ಯಕ್ಷರು ತೀರ್ಮಾನ ಮಾಡಿಯಾಗಿದೆ ಎಂದು. ಇದನ್ನು ಓದುವಾಗ ನನಗೆ ನಮ್ಮ ಕಾಕಾ ನೆನಪಾದರು. ಅವರೂ ಬುಧವಾರ ನನ್ನನ್ನು ಪಕ್ಕಕ್ಕೆ ಕರೆದು, "ಏನರ ಇದ್ರ ಡಾಕ್ಟರು ನಂಗ ಹೇಳ್ಲಿ, ಆಕಿ ಮುಂದ ಬ್ಯಾಡ" ಅಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಅಮೆರಿಕದ ಅಧ್ಯಕ್ಷರದೂ ಪ್ರೀತಿಯೇ ಇದ್ದಿರಬೇಕು.

ಬೆಟ್ಟಿ ಫೋರ್ಡ್‌ಗೆ ಹಳೆಯ ಪದ್ಧತಿಯಲ್ಲೇ ಆಪರೇಷನ್ ಆಯಿತು. ಆದರೆ ಅವರು ಮುಚ್ಚಿಡಲಿಲ್ಲ, ಸುದ್ದಿ ಊರೆಲ್ಲ ತಿಳಿಯಿತು. ಪರೀಕ್ಷೆಗೆ ಬರುವ ಹೆಂಗಸರ ಸಂಖ್ಯೆ ಒಮ್ಮೆಲೇ ಏರಿತು. ಕುಶ್ನರ್ 1975ರಲ್ಲಿ ಪುಸ್ತಕ ಬರೆದರು. 1979ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಸೇರಿಸಿದಾಗ ಡಾಕ್ಟರುಗಳ ನಡುವೆ ಅವರೂ ಕೂತಿದ್ದರು. ಮೊದಲು ಪರೀಕ್ಷೆ, ಆಮೇಲೆ ಮಾತು, ಆಮೇಲೆ ಚಿಕಿತ್ಸೆ, ಹೀಗೆ ಬೇರೆ ಬೇರೆಯಾಗಿ ನಡೆಯಬೇಕು ಎಂದು ಆ ಸಭೆ ಹೇಳಿತು. ನಾನು ಹುಟ್ಟುವುದಕ್ಕೆ ಕೆಲವೇ ವರ್ಷ ಮೊದಲಿನ ಮಾತು ಇದು.

ಕರಿಕೆಯ ಲೆಕ್ಕವೂ ಅದೇ ಹೊತ್ತಿಗೆ ಬಿದ್ದುಹೋಯಿತು. ಅಮೆರಿಕದ ಬರ್ನಾರ್ಡ್ ಫಿಶರ್ 1971ರಿಂದ, ಇಟಲಿಯ ಉಂಬೆರ್ತೊ ವೆರೊನೇಸಿ 1973ರಿಂದ, ಒಪ್ಪಿದ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಬೇರೆ ಬೇರೆ ಆಪರೇಷನ್ ಮಾಡಿ ವರ್ಷಗಟ್ಟಲೆ ಕಾದರು. ವೆರೊನೇಸಿ ಅವರ ಅಧ್ಯಯನದಲ್ಲಿ 701 ಹೆಂಗಸರು, ಫಿಶರ್ ಅವರ ಎರಡನೆಯ ಅಧ್ಯಯನದಲ್ಲಿ 1,851. ಗಂಟು ಸಣ್ಣದಿರುವಾಗ ಅದನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ, ಇಡೀ ಎದೆ ತೆಗೆಸಿಕೊಂಡವರೂ ಅಷ್ಟೇ ಕಾಲ ಬದುಕಿದರು. ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಪ್ರಕಟವಾಯಿತು, ಉತ್ತರ ಬದಲಾಗಲಿಲ್ಲ. ಎಲ್ಲರಿಗೂ ಎದೆ ಉಳಿಯುತ್ತದೆ ಅಂತಲ್ಲ. ಗಂಟು ಎಷ್ಟು ದೊಡ್ಡದು, ಎಲ್ಲಿದೆ, ರೇಡಿಯೇಷನ್‌ಗೆ ವಾರಗಟ್ಟಲೆ ಓಡಾಡಲು ಆಗುತ್ತದೋ ಇಲ್ಲವೋ, ಇದೆಲ್ಲ ನೋಡಬೇಕು. ಬೇಗ ಹೋದವರಿಗೆ ಆರಿಸಿಕೊಳ್ಳುವ ಅವಕಾಶ ಹೆಚ್ಚು.

ನಮ್ಮ ದೇಶದ ತೀರ್ಪು

ಇದೆಲ್ಲ ಅಮೆರಿಕದ್ದು, ನಮಗೇನು ಅಂತೀರಾ? ನಮ್ಮಲ್ಲೂ ಇದೆ. ದೆಹಲಿಯ ಒಬ್ಬ ಹೆಣ್ಣುಮಗಳು 1995ರಲ್ಲಿ ಮುಟ್ಟಿನ ತೊಂದರೆಗೆ ಪರೀಕ್ಷೆ ಮಾಡಿಸಲು ಮಲಗಿದರು. ಮತ್ತಿನಲ್ಲಿರುವಾಗಲೇ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯವನ್ನೂ ತೆಗೆಯಲಾಯಿತು. ಅವರು ಕೋರ್ಟಿಗೆ ಹೋದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಸಮೀರಾ ಕೊಹ್ಲಿ ಪ್ರಕರಣ ಎಂದು ಪ್ರಸಿದ್ಧ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಜೀವಕ್ಕೆ ತಕ್ಷಣ ಅಪಾಯವಿಲ್ಲದಿದ್ದರೆ ರೋಗಿ ಎಚ್ಚರಾಗುವವರೆಗೆ ಕಾಯಬೇಕು. ಬುದ್ಧಿ ನೆಟ್ಟಗಿರುವ ದೊಡ್ಡವರ ಬದಲು ಮನೆಯವರ ಸಹಿ ನಡೆಯುವುದಿಲ್ಲ.

ಚಿಗವ್ವನಿಗೆ ಇದನ್ನು ಬುಧವಾರ ಸಂಜೆ ಹೇಳಿದೆ. ಪಡಸಾಲೆಯಲ್ಲಿ ಕೂತು ಚೀಲ ತುಂಬುತ್ತಿದ್ದೆವು. "ಕೋರ್ಟ್ ಹಂಗಂದೈತೇನು?" ಅಂದಳು. ಎರಡು ಸಲ ಕೇಳಿದಳು. ಕಾಕಾ ಕೂಡ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು.

ಚೀಲಕ್ಕೆ ಹಾಕಿದ್ದು ಹೇಳುತ್ತೇನೆ, ನಿಮಗೂ ಬೇಕಾದೀತು. ತಾಲ್ಲೂಕು ಆಸ್ಪತ್ರೆಯ ಚೀಟಿ ಎಲ್ಲಕ್ಕಿಂತ ಮೇಲೆ. ಆಯುಷ್ಮಾನ್ ಯೋಜನೆಯಲ್ಲಿ ಹೋಗುವವರಿಗೆ ಸರಕಾರಿ ಆಸ್ಪತ್ರೆಯ ಆ ಚೀಟಿ ಇಲ್ಲದಿದ್ದರೆ ತಿರುಗಾಟ ತಪ್ಪದು. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಅವುಗಳ ಜೆರಾಕ್ಸ್. ಹಳೆಯ ಸ್ಕ್ಯಾನಿಂಗ್, ರಕ್ತಪರೀಕ್ಷೆ ಏನಿದ್ದರೂ. ದಿನಾ ನುಂಗುವ ಗುಳಿಗೆಯ ಹಾಳೆಗಳು, ಬಿಪಿ, ಸಕ್ಕರೆಯದಷ್ಟೇ ಅಲ್ಲ, ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಅದನ್ನು ಮೊದಲು ಹೇಳಬೇಕು. ಮುಂದೆ ಹುಕ್ಕು ಇರುವ ಸಡಿಲ ಜಂಪರ್. ಎದೆಗೆ, ಕಂಕುಳಿಗೆ ಪೌಡರ್ ಹಚ್ಚುವುದು ಬೇಡ ಅಂದೆ. ಮ್ಯಾಮೊಗ್ರಾಮ್ ಅಂದರೆ ಎದೆಯ ಎಕ್ಸ್‌ರೇ, ಪೌಡರಿನ ಕಣಗಳು ಅದರಲ್ಲಿ ಚುಕ್ಕೆಯಾಗಿ ಕಂಡು ಡಾಕ್ಟರಿಗೆ ಗೊಂದಲ ಮಾಡಬಹುದು.

ಆಮೇಲೆ ಒಂದು ಹಾಳೆಯಲ್ಲಿ ಬರೆದೆವು. ಗಂಟು ಯಾವತ್ತು ಸಿಕ್ಕಿತು, ದೊಡ್ಡದಾಗಿದೆಯೇ, ತೊಟ್ಟು ಒಳಗೆ ಹೋಗಿದೆಯೇ, ಚರ್ಮ ಕುಗ್ಗಿದೆಯೇ, ರಕ್ತ ಬಂದಿದೆಯೇ. ಮುಟ್ಟು ನಿಂತು ಎಷ್ಟು ವರ್ಷ. ತವರಿನಲ್ಲಿ ಯಾರಿಗಾದರೂ ಎದೆಯದು, ಅಂಡಾಶಯದ್ದು ಕ್ಯಾನ್ಸರ್ ಆಗಿತ್ತೇ. ನೋವಿದೆಯೇ ಎಂಬಲ್ಲಿ ಚಿಗವ್ವ "ಇಲ್ಲ, ಅದಕ್ಕ ಸುಮ್ನ ಇದ್ದೆ" ಅಂದಳು. ನೋವಿಲ್ಲದ ಗಂಟನ್ನೇ ಹೆಚ್ಚು ತೋರಿಸಬೇಕು ಎಂದು ಆಶಾ ಆಕೆಗೆ ಸರಿಯಾಗಿ ಹೇಳಿದ್ದಳು.

ಆ ಆಶಾ ಬಗ್ಗೆಯೂ ಒಂದು ಮಾತು. ಕೈಯಿಂದ ಮುಟ್ಟಿ ನೋಡಿದರೆ ಏನು ತಿಳಿಯುತ್ತದೆ ಎಂದು ಕೇಳುವವರಿದ್ದಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ನೋಡಿದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸುತ್ತಿದ್ದರು. ಡಾಕ್ಟರಲ್ಲ, ಯಂತ್ರವಿಲ್ಲ. 2021ರಲ್ಲಿ ಬಂದ ವರದಿ ಪ್ರಕಾರ ಆ ಗುಂಪಿನಲ್ಲಿ ರೋಗ ಬೇಗ ಸಿಕ್ಕಿತು, 50 ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ 30ರಷ್ಟು ಕಡಿಮೆಯಾಯಿತು. 50ರ ಒಳಗಿನವರಲ್ಲಿ ಸಾವಿನ ಲೆಕ್ಕ ಅಷ್ಟು ಇಳಿಯಲಿಲ್ಲ, ಅದನ್ನೂ ಹೇಳಬೇಕು. ಚಿಗವ್ವನಿಗೆ 52.

ಗುರುವಾರ

ಆರೂವರೆಯ ಬಸ್ಸಿಗೆ ಹೊರಟೆವು. ಸಾಲು ಉದ್ದವಿತ್ತು. ಒಳಗೆ ನಾನೂ ಹೋದೆ. ಗಂಡು ಡಾಕ್ಟರು ನೋಡುವಾಗ ಜೊತೆಗೆ ಒಬ್ಬ ಹೆಣ್ಣುಮಗಳು ಇರಬೇಕು ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಡಾಕ್ಟರು ಎರಡೂ ಎದೆ, ಎರಡೂ ಕಂಕುಳು ಮುಟ್ಟಿ ನೋಡಿದರು. ಆಮೇಲೆ ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್. ವಯಸ್ಸು 40 ದಾಟದವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡೇ ಮೊದಲು. ಕೊನೆಗೆ ಸೂಜಿ.

ಸೂಜಿಯ ಬಗ್ಗೆ ನಮ್ಮ ಕಡೆ ದೊಡ್ಡ ಹೆದರಿಕೆ ಇದೆ, ಚುಚ್ಚಿದರೆ ಕೆರಳಿ ಹಬ್ಬುತ್ತದೆ ಅಂತ. ಹಬ್ಬುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡುವುದನ್ನು ನ್ಯೂಯಾರ್ಕ್‌ನ ಡಾಕ್ಟರುಗಳು 1930ರಲ್ಲೇ ಬರೆದು ತೋರಿಸಿದ್ದರು. ದಶಕಗಳ ಕಾಲ ಅದನ್ನು ಯಾರೂ ಅಷ್ಟಾಗಿ ಬಳಸಲಿಲ್ಲ, ಕತ್ತಿಯೇ ನಡೆಯಿತು. ಇವತ್ತು ಅದೇ ಸೂಜಿಯಿಂದಾಗಿ ಆಪರೇಷನ್ ಕೋಣೆಗೆ ಹೋಗದೆ ಗಂಟು ಏನೆಂದು ತಿಳಿಯುತ್ತದೆ. ಬರ್ನಿಗೆ ಸಿಗದೇ ಹೋದದ್ದು ಇದೇ. ಹೀಗೆ ಪರೀಕ್ಷೆಯಾದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ.

ಜಾಗ ಮರಗಟ್ಟಿಸಿ ಚುಚ್ಚಿದರು. "ಕರೆಂಟಿನ ಸ್ವಿಚ್ ಒತ್ತಿದಂಗ ಟಕ್ ಅಂತು" ಅಂದಳು ಚಿಗವ್ವ. ಸಣ್ಣ ಪಟ್ಟಿ ಹಚ್ಚಿದರು. ಡಾಕ್ಟರು ಕಾಕಾನ ಕಡೆ ತಿರುಗಿ, ವರದಿ ಬಂದಾಗ ಯಾರು ಬರ್ತೀರಿ ಅಂದರು. ಕಾಕಾ ಬಾಯಿ ತೆರೆಯುವಷ್ಟರಲ್ಲಿ ಚಿಗವ್ವ, "ನಾನ ಬರ್ತೀನ್ರಿ. ಎದಿ ನಂದು, ನಂಗ ಹೇಳ್ರಿ" ಅಂದಳು.

ವರದಿ ಮುಂದಿನ ಗುರುವಾರ. ಚೀಟಿ ನನ್ನ ಬ್ಯಾಗಿನಲ್ಲಿದೆ, ಹಾಳೆಯ ಹಿಂಬದಿಗೆ ಚಿಗವ್ವ ಡಾಕ್ಟರಿಗೆ ಕೇಳಬೇಕಾದ ಇನ್ನೂ ಮೂರು ಪ್ರಶ್ನೆ ಬರೆಸಿದ್ದಾಳೆ. ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಗದಗದವರೆಗೆ ನಿಂತೇ ಬಂದೆವು.